ಸ್ಕ್ಯಾನಿಂಗ್ ನಾರ್ಮಲ್, ಆದರೂ ಮಗಳಿಗೆ ಹೊಟ್ಟೆನೋವು

ಪ್ರಶ್ನೆ: ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ಮಗಳು ಎಸ್ಸೆಸ್ಸೆಲ್ಸಿ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಕೆಲವು ದಿನ ತಲೆನೋವು. ಯೂನಿಫಾರ್ಮ್ ಹಾಕಿಕೊಂಡು ಹಾಗೇ ಮುದುರಿ ಮಲಗುತ್ತಾಳೆ. ಭಾನುವಾರ ಮಾತ್ರ ಹೊಟ್ಟೆತುಂಬ ಮುದ್ದೆ ಉಂಡು ಆರಾಮಾಗಿರುತ್ತಾಳೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್. ಅವರಪ್ಪ ನಾಟಕ ಅಂತಾರೆ, ಅತ್ತೆ ದೃಷ್ಟಿ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಕೋಲಾರ ಜಿಲ್ಲೆ

ಉತ್ತರ: ನಾಟಕ ಅನ್ನುವ ಮಾತನ್ನು ಮೊದಲು ಮನೆಯಲ್ಲಿ ನಿಲ್ಲಿಸಿ. ಸ್ಕ್ಯಾನಿಂಗ್‌ನಲ್ಲಿ ಕಲ್ಲು, ಗಡ್ಡೆ, ಊತ ಕಾಣುತ್ತದೆ, ನೋವು ಕಾಣುವುದಿಲ್ಲ. ನೋವು ನಿಜ.

ಭಯ, ಆತಂಕ ಆದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನು ಜಾಸ್ತಿಯಾಗುತ್ತವೆ. ಎದೆ ಡವಡವ ಅನ್ನುತ್ತದೆ, ಹೊಟ್ಟೆಗೆ ಹರಿಯುವ ರಕ್ತ ಕಡಿಮೆಯಾಗಿ ಕರುಳಿನ ಚಲನೆ ಏರುಪೇರಾಗುತ್ತದೆ, ಕತ್ತು ಹೆಗಲಿನ ಸ್ನಾಯು ಬಿಗಿದು ತಲೆ ನೋಯುತ್ತದೆ. ಮೆದುಳಿಗೂ ಕರುಳಿಗೂ ವೇಗಸ್ ಅನ್ನುವ ನರದ ನೇರ ಸಂಪರ್ಕ ಇದೆ. ದಿನಾ ಇದೇ ಆದರೆ ಕರುಳಿನ ನರಗಳು ಎಷ್ಟು ಸೂಕ್ಷ್ಮ ಆಗಿಬಿಡುತ್ತವೆ ಅಂದರೆ, ಬೇರೆಯವರಿಗೆ ಗೊತ್ತೇ ಆಗದ ಸಣ್ಣ ಗ್ಯಾಸ್ ಕೂಡ ಆ ಮಗುವಿಗೆ ಹಿಂಡಿದ ಹಾಗೆ ನೋಯುತ್ತದೆ. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ 'ನನಗೆ ಭಯ ಆಗ್ತಿದೆ' ಅಂತ ಹೇಳೋಕೆ ಬರುವುದಿಲ್ಲ, 'ಹೊಟ್ಟೆ ನೋವು' ಅಂತ ಹೇಳೋಕೆ ಬರುತ್ತದೆ.

ಭಾನುವಾರ ನೋವಿಲ್ಲ ಅನ್ನುವುದು ಅವಳ ಸುಳ್ಳಿಗೆ ಸಾಕ್ಷಿ ಅಲ್ಲ, ನಮಗೆ ಸಿಕ್ಕ ಸುಳಿವು. ಸ್ಕೂಲಲ್ಲಿ ಏನೋ ಇದೆ. ಪರೀಕ್ಷೆಯ ಭಯವೇ ಅಂತ ಸುಮ್ನೆ ಅಂದುಕೊಳ್ಳಬೇಡಿ. ಯಾರಾದರೂ ರೇಗಿಸುತ್ತಿರಬಹುದು, ಬಸ್ಸಲ್ಲಿ ಯಾರೋ ಕಾಟ ಕೊಡುತ್ತಿರಬಹುದು, ಶೌಚಾಲಯ ಸರಿಯಿಲ್ಲ ಅಂತ ಇಡೀ ದಿನ ನೀರೇ ಕುಡಿಯದೆ ಇರಬಹುದು (ಹುಡುಗಿಯರಲ್ಲಿ ಇದು ತುಂಬಾ ಇದೆ, ನಾವು ಕೇಳುವುದೇ ಇಲ್ಲ). ಬೆಳಿಗ್ಗೆ ಗಡಿಬಿಡಿಯಲ್ಲಿ ವಿಚಾರಣೆ ಬೇಡ. ಸಂಜೆ ಇಬ್ಬರೂ ಕೂತು ಟೊಮೆಟೊ ಆರಿಸುವಾಗಲೋ ಸೊಪ್ಪು ಬಿಡಿಸುವಾಗಲೋ ಕೇಳಿ. ಮುಖ ನೋಡಿ ಮಾತಾಡಬೇಕಿಲ್ಲ ಅಂದಾಗ ಮಕ್ಕಳು ಬಾಯಿ ಬಿಡುತ್ತಾರೆ. ಅವಳು ಹೇಳುವಾಗ ನಡುವೆ ಬುದ್ಧಿ ಹೇಳಬೇಡಿ.

ಸ್ಕೂಲು ಪೂರ್ತಿ ಬಿಡಿಸಬೇಡಿ. ಮನೆಯಲ್ಲಿ ಉಳಿದ ದಿನ ನೋವು ಇಳಿಯುತ್ತದೆ, ಮಾರನೇ ದಿನ ಭಯ ದುಪ್ಪಟ್ಟಾಗುತ್ತದೆ. ಕ್ಲಾಸ್ ಟೀಚರ್ ಹತ್ತಿರ ಮಾತಾಡಿ, ಬೇಕಾದರೆ ಕೆಲವು ದಿನ ಅರ್ಧ ದಿನವಾದರೂ ಹೋಗಲಿ. ರಾತ್ರಿ ನಿದ್ದೆ ಕೆಡಿಸಿ ಓದಿಸಬೇಡಿ.

ತೂಕ ಇಳಿಯುವುದು, ಮಲದಲ್ಲಿ ರಕ್ತ, ಮತ್ತೆ ಮತ್ತೆ ವಾಂತಿ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ, ಮನಸ್ಸಿನದು ಅಂತ ಬಿಡದೆ ಮತ್ತೆ ಡಾಕ್ಟರಿಗೆ ತೋರಿಸಿ. ಮುಟ್ಟಿನ ದಿನಗಳಲ್ಲೇ ನೋವು ಜಾಸ್ತಿಯಾ ಅಂತಲೂ ಗಮನಿಸಿ.

ಕೋಲಾರದ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಬಹುದು. ಅಲ್ಲಿಗೆ ಹೋದರೆ ಹುಚ್ಚು ಅಂತಾರೆ ಅನ್ನುವ ಅಂಜಿಕೆ ಬೇಡ. ಅಷ್ಟು ದೂರ ಆಗಲಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರಿಗೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನುವ ಮಾತು ಅವಳ ಬಾಯಲ್ಲಿ ಬಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.