ಹೊಸ ರಿವಾಲ್ವರಿನಲ್ಲಿ ಮಸಿ ಕಂಡರೆ

ಹೊಸದೆಂದು ಕೊಂಡ .32 ಬೋರಿನ ರಿವಾಲ್ವರಿನ ಸಿಲಿಂಡರಿನಲ್ಲಿ, ಅಂದರೆ ಗುಂಡು ತುಂಬುವ ತಿರುಗುವ ಭಾಗದಲ್ಲಿ, ಮಸಿ ಇದೆ, ಯಾರೋ ಬಳಸಿದ್ದಾ ಎಂದು ಕೇಳಿದ್ದೀರಿ. ಹೆಚ್ಚಾಗಿ ಅದು ಫ್ಯಾಕ್ಟರಿ ಪರೀಕ್ಷೆಯ ಮಸಿ. ಮಾರಾಟಕ್ಕೆ ಕಳಿಸುವ ಮೊದಲು ಅಲ್ಲಿ ಗುಂಡು ಹಾರಿಸಿ ನೋಡುತ್ತಾರೆ.

ಮೊದಲು ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ತೆರೆದು, ಸಿಲಿಂಡರಿನ ಆರೂ ಕೋಣೆ ಖಾಲಿ ಇವೆಯಾ ಎಂದು ಬೆರಳಿಟ್ಟು ನೋಡಿ. ಆಮೇಲೆ ರಿವಾಲ್ವರಿನ ಮೇಲೆ ಕೊರೆದ ನಂಬರ್ ನೋಡಿ. ಕೋವಿಯಲ್ಲಿ, ಬಿಲ್ಲಿನಲ್ಲಿ, ಲೈಸೆನ್ಸಿನಲ್ಲಿ ಒಂದೇ ಇರಬೇಕು. ಅಂಕಿ ಉಜ್ಜಿದಂತೆ ಕಂಡರೆ ಮುಂದೆ ಏನೂ ಮುಟ್ಟಬೇಡಿ, ಸೀದಾ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗೆ ಬರೆದು ಕೊಡಿ.

ನಂಬರ್ ಸರಿಯಿದ್ದರೆ ಮಸಿಯ ಫೋಟೋ ತೆಗೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ. ಸುಲಭವಾಗಿ ಹೋದರೆ ಚಿಂತೆಯಿಲ್ಲ. ಸಿಲಿಂಡರಿನ ಮುಂಭಾಗದಲ್ಲಿ ಆರೂ ತೂತಿನ ಸುತ್ತ ಕಪ್ಪು ಉಂಗುರ ಗಟ್ಟಿಯಾಗಿ ಕೂತಿದ್ದರೆ, ನಳಿಗೆಯ ಹಿಂಬದಿಯಿಂದ ಟಾರ್ಚ್ ಬಿಟ್ಟಾಗ ಒಳಗೆ ಸೀಸದ ಬೂದು ಪದರ ಕಂಡರೆ, ಪರೀಕ್ಷೆಗಿಂತ ಜಾಸ್ತಿ ಹಾರಿಸಿರಬಹುದು. ಸ್ಕ್ರೂಗಳನ್ನೂ ನೋಡಿ. ತಲೆಯ ಗೆರೆ ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ನನಗೆ ಮಸಿಗಿಂತ ಅದೇ ದೊಡ್ಡ ಸಾಕ್ಷಿ.

ಸಿಲಿಂಡರಿನ ಸುತ್ತ ತೆಳು ಗೆರೆ ಇದ್ದರೆ ಗಾಬರಿ ಬೇಡ. ಅಂಗಡಿಯಲ್ಲಿ ಸುಮ್ನೆ ಖಾಲಿ ತಿರುಗಿಸಿದರೂ ಅದು ಬೀಳುತ್ತದೆ. ತುಕ್ಕಿನ ಚುಕ್ಕೆಯಿಂದಲೂ ಏನೂ ತೀರ್ಮಾನ ಆಗುವುದಿಲ್ಲ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಕತ್ತಿಗೂ ತುಕ್ಕು ಬರುತ್ತದಲ್ವಾ?

ಎಷ್ಟು ಗುಂಡು ಹಾರಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಅನುಮಾನ ಉಳಿದರೆ ಹಾರಿಸದೆ ಹಾಗೇ ಇಡಿ. ಬಿಲ್ಲು, ಫೋಟೋ, ಲೈಸೆನ್ಸ್ ಹಿಡಿದು ಅಂಗಡಿಗೆ ಹೋಗಿ, ಇದು ಫ್ಯಾಕ್ಟರಿಯಿಂದ ಬಂದ ಹೊಸ ಮಾಲು ಎಂದು ನಂಬರ್ ಸಮೇತ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಬದಲಿ ಕೇಳಿ.