ಮನೆಯೊಳಗೆ ತೊಂಬತ್ತು ಕುಂಡ, ಮೂರು ಬಗೆಯ ಹುಳ: ಬೇವಿನೆಣ್ಣೆ ಯಾಕೆ ಕೈಕೊಟ್ಟಿತು?

ನಮಸ್ಕಾರ. ನೀವು ಬರೆದದ್ದನ್ನೂ ಹಾಕಿದ ಫೋಟೋಗಳನ್ನೂ ನೋಡಿದೆ. ಮನೆಯೊಳಗೆ ಸುಮಾರು 90 ಕುಂಡ. ಹೋಯಾ ಬಳ್ಳಿ, ಮನಿ ಪ್ಲಾಂಟ್‌ಗಳ ಗೆಣ್ಣಿನಲ್ಲಿ ಬಿಳಿ ಹತ್ತಿಯಂಥದ್ದು. ಕಲಾಥಿಯಾ ಅನ್ನುವ ಅಲಂಕಾರದ ಎಲೆಗಿಡದ ಎಲೆ ಮಂಕಾಗಿ, ಮೇಲೆಲ್ಲ ಸೂಜಿಮೊನೆಯಷ್ಟು ಚುಕ್ಕೆ. ನೀರು ಹಾಕಿದರೆ ಮಣ್ಣಿನಿಂದ ಪುಟ್ಟ ಕರಿ ನೊಣ ಏಳುತ್ತವೆ. ಹದಿನೈದು ದಿನಕ್ಕೊಮ್ಮೆ ಎಲ್ಲ ಕುಂಡಕ್ಕೂ ಬೇವಿನೆಣ್ಣೆ ಹೊಡೆದರೂ ಕಡಿಮೆಯಾಗಿಲ್ಲ, ಇದಕ್ಕಿಂತ ಸ್ಟ್ರಾಂಗ್ ಔಷಧಿ ಯಾವುದು, ಇಲ್ಲದಿದ್ದರೆ ಗಿಡಗಳನ್ನು ಎಸೆಯಬೇಕಾ ಅಂತ ಕೇಳಿದ್ದೀರಿ.

ನನ್ನ ಪ್ರಕಾರ ನಿಮಗೆ ಸ್ಟ್ರಾಂಗ್ ಔಷಧಿ ಬೇಕಿಲ್ಲ. ನಿಮ್ಮಲ್ಲಿರುವುದು ಒಂದು ತೊಂದರೆ ಅಲ್ಲ, ಮೂರು. ಹತ್ತಿಯಂಥದ್ದು ಹಿಟ್ಟು ತಿಗಣೆ, ಅಂದ್ರೆ ಮೀಲಿಬಗ್. ಕಲಾಥಿಯಾದ ಮೇಲಿರುವುದು ಬಹುಶಃ ಜೇಡ ನುಸಿ. ಅದು ಕೀಟವೇ ಅಲ್ಲ, ಎಂಟು ಕಾಲಿನ ಜೇಡನ ಸಂಬಂಧಿ. ಕರಿ ನೊಣ ಫಂಗಸ್ ನ್ಯಾಟ್. ಅದರ ಮರಿಹುಳ ಮಣ್ಣಿನಲ್ಲಿರುತ್ತದೆ, ಎಲೆಗೆ ಏನು ಹೊಡೆದರೂ ಅದಕ್ಕೆ ತಾಗುವುದಿಲ್ಲ. ಮೂರಕ್ಕೂ ಒಂದೇ ಬಾಟಲಿ, ಅದೂ ಹದಿನೈದು ದಿನಕ್ಕೊಮ್ಮೆ ಅಂದರೆ ಯಾವುದೂ ಸಾಯುವುದಿಲ್ಲ.

ಮೊದಲ ಕೆಲಸ, ಎಲ್ಲ ಕುಂಡಗಳಿಗೂ ಹೊಡೆಯುವುದನ್ನು ನಿಲ್ಲಿಸಿ. ತೊಂಬತ್ತು ಕುಂಡಕ್ಕೆ ಹೊಡೆಯಲು ಹೊರಟಾಗ ಯಾರಿಗಾದರೂ ಕೈಸೋಲುತ್ತದೆ. ಎಲೆಯ ಮೇಲ್ಭಾಗ ಒದ್ದೆಯಾದರೆ ಸಾಕು ಅನ್ನಿಸುತ್ತದೆ. ಆದರೆ ಹುಳ ಇರುವುದು ಎಲೆಯ ಅಡಿಯಲ್ಲಿ, ಗೆಣ್ಣಿನ ಸಂದಿಯಲ್ಲಿ, ಸುಳಿಯೊಳಗೆ. ಅದರ ಬದಲು ಒಂದು ರಜೆಯ ದಿನ ಬೆಳಿಗ್ಗೆ ಟಾರ್ಚ್ ಹಿಡಿದು ಒಂದೊಂದೇ ಕುಂಡ ತಿರುಗಿಸಿ ನೋಡಿ. ಹುಳ ಇರುವ ಕುಂಡಕ್ಕೆ ಕೆಂಪು ದಾರ ಕಟ್ಟಿ. ಅದಕ್ಕೆ ಎಲೆ ತಾಗಿಕೊಂಡಿದ್ದ ಅಕ್ಕಪಕ್ಕದ ಕುಂಡಗಳಿಗೆ ಹಳದಿ ದಾರ. ಬೇರೆ ಯಾವುದಕ್ಕೂ ಏನೂ ಬೇಡ. ಸಾಮಾನ್ಯವಾಗಿ ಹತ್ತು ಹದಿನೈದು ಕುಂಡಗಳಲ್ಲೇ ಹುಳದ ಮುಕ್ಕಾಲು ಪಾಲು ಇರುತ್ತದೆ. ಅಷ್ಟನ್ನು ಎತ್ತಿ ಬೇರೆ ಕೋಣೆಗೋ ಬಾಲ್ಕನಿಗೋ ಸಾಗಿಸಿದರೆ ಅರ್ಧ ಕೆಲಸ ಮುಗೀತು. ಹೆಣ್ಣು ಹಿಟ್ಟು ತಿಗಣೆಗೆ ರೆಕ್ಕೆ ಇಲ್ಲ. ಅದರ ಮರಿಗಳು ನಡೆದುಕೊಂಡೇ ಹೋಗಬೇಕು, ಇಲ್ಲವೇ ನಿಮ್ಮ ಕೈ, ಕತ್ತರಿ, ಒರೆಸುವ ಬಟ್ಟೆಗೆ ಅಂಟಿಕೊಂಡು ಹೋಗಬೇಕು. ಹಾಗಾಗಿ ಪ್ರತಿದಿನ ಆರೋಗ್ಯವಾಗಿರುವ ಗಿಡ ಮೊದಲು, ರೋಗದ ಗಿಡ ಕೊನೆಗೆ ಮುಟ್ಟಿ. ಕತ್ತರಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ.

ಈಗ ಹಿಟ್ಟು ತಿಗಣೆ. ನನಗೆ ಎಲ್ಲಕ್ಕಿಂತ ತಲೆನೋವು ಅನ್ನಿಸುವುದು ಇದೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ನಿಮಗೆ ಕಾಣುವ ಹತ್ತಿಯ ಉಂಡೆ ಬಹಳ ಸಲ ಹುಳ ಅಲ್ಲ, ಮೊಟ್ಟೆ ಚೀಲ. ಮನೆಗಿಡಗಳಲ್ಲಿ ಜಾಸ್ತಿ ಕಾಣುವ ಜಾತಿಯ ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಆ ಮೇಣದ ಹತ್ತಿ ನೀರನ್ನೂ ಸೋಪನ್ನೂ ಒಳಗೆ ಬಿಡುವುದಿಲ್ಲ. ನೀವು ಹೊಡೆದಾಗ ಓಡಾಡುತ್ತಿದ್ದ ಮರಿಗಳು ಸತ್ತಿರುತ್ತವೆ. ಒಂದೆರಡು ವಾರದಲ್ಲಿ ಚೀಲದಿಂದ ಹೊಸ ಮರಿ ಬರುತ್ತವೆ. ಬೇವಿನೆಣ್ಣೆ ಕೆಲಸ ಮಾಡಲೇ ಇಲ್ಲ ಅಂತ ನಮಗೆ ಅನ್ನಿಸುವುದು ಹೀಗೆ. ಆದ್ದರಿಂದ ಮೊದಲು ಕೈಯಿಂದ ತೆಗೆಯಬೇಕು, ಆಮೇಲೆ ಸಿಂಪಡಿಸಬೇಕು. 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇಯರ್‌ಬಡ್ ಅದ್ದಿ ಒಂದೊಂದು ಉಂಡೆಗೂ ಒತ್ತಿ. ಮೇಣ ಕರಗಿ ಹುಳ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲೆಗೆಲ್ಲ ಸುರಿಯಬೇಡಿ, ಹುಳಕ್ಕೆ ಮಾತ್ರ ಮುಟ್ಟಿಸಿ. ಕಿಟಕಿ ತೆರೆದಿಡಿ, ಹತ್ತಿರದಲ್ಲಿ ದೀಪ, ಒಲೆ ಇರದಂತೆ ನೋಡಿಕೊಳ್ಳಿ.

ಮರುದಿನ ಸೋಪಿನ ನೀರು ಅಥವಾ ಬೇವಿನೆಣ್ಣೆ. ಬಳಿಕ ಏಳು ದಿನಕ್ಕೊಮ್ಮೆ, ಹುಳ ಕಾಣಲಿ ಬಿಡಲಿ, ಕಡಿಮೆ ಅಂದ್ರೂ ನಾಲ್ಕೈದು ಸುತ್ತು. ಬೆಚ್ಚಗಿನ ಮನೆಯಲ್ಲಿ ಮೊಟ್ಟೆಯಿಂದ ಮತ್ತೆ ಮೊಟ್ಟೆ ಇಡುವ ಹುಳ ಆಗಲು ಒಂದರಿಂದ ಒಂದೂವರೆ ತಿಂಗಳು ಬೇಕು. ಎರಡು ಸುತ್ತು ಮುಗಿಸಿ, ಹುಳ ಕಾಣ್ತಿಲ್ಲ ಅಂತ ನಿಲ್ಲಿಸುವುದೇ ಎಲ್ಲರೂ ಸೋಲುವ ಜಾಗ.

ಹೋಯಾ ಅಂದಮೇಲೆ ಬೇರನ್ನೂ ನೋಡಲೇಬೇಕು. ಕುಂಡದಿಂದ ಗಿಡ ಜಾರಿಸಿ ತೆಗೆಯಿರಿ. ಬೇರಿಗೆ ಅಥವಾ ಕುಂಡದ ಒಳಗೋಡೆಗೆ ಹಿಟ್ಟು ಉದುರಿಸಿದಂತೆ ಬಿಳಿ ಕಂಡರೆ ಬೇರು ತಿಗಣೆ ಇದೆ ಅಂತ ಅರ್ಥ. ಎಲೆಗೆ ವರ್ಷಗಟ್ಟಲೆ ಹೊಡೆದರೂ ಅದು ಹೋಗುವುದಿಲ್ಲ. ಮಣ್ಣೆಲ್ಲ ತೆಗೆದು, ಬೇರನ್ನು ನಲ್ಲಿ ನೀರಿನಲ್ಲಿ ತೊಳೆದು, ಹೊಸ ಮಿಶ್ರಣದಲ್ಲಿ ನೆಡಬೇಕು. ಹಳೆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ. ಫೋಟೋದಲ್ಲಿ ಒಂದು ಸಾಲು ಇರುವೆ ಇದ್ದಂತೆ ಕಂಡಿತು. ಇರುವೆ ಹಿಟ್ಟು ತಿಗಣೆಯ ಸಿಹಿ ಅಂಟನ್ನು ತಿನ್ನಲು ಬರುತ್ತದೆ. ಅದಕ್ಕೆ ಪ್ರತಿಯಾಗಿ ತಿಗಣೆಯನ್ನು ಶತ್ರುಗಳಿಂದ ಕಾಯುತ್ತದೆ, ಕೆಲವು ಸಲ ಹೊತ್ತುಕೊಂಡು ಹೋಗಿ ಹೊಸ ಗಿಡದ ಮೇಲೂ ಬಿಡುತ್ತದೆ. ಇರುವೆ ಸಾಲನ್ನು ಮೊದಲು ನಿಲ್ಲಿಸಿ.

ಹಾಗೇ ಒಂದು ಮಾತು. ಗಿಡಗಳು ಬಾಲ್ಕನಿಯಲ್ಲಿದ್ದಾಗ ದೊಡ್ಡ ಹಿಟ್ಟು ತಿಗಣೆಯಂತೆ ಕಾಣುವ, ಮೈತುಂಬ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಹುಳ ಕಂಡರೆ ಕೊಲ್ಲುವ ಮೊದಲು ಸ್ವಲ್ಪ ನೋಡಿ. ಅದು ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳದ ಮರಿ ಇರಬಹುದು. ಆಸ್ಟ್ರೇಲಿಯಾ ಮೂಲದ ಈ ಜೀರುಂಡೆ ಹಿಟ್ಟು ತಿಗಣೆಯನ್ನೇ ತಿಂದು ಬದುಕುತ್ತದೆ, ವೇಷವನ್ನೂ ಅದರದ್ದೇ ಹಾಕಿಕೊಂಡಿರುತ್ತದೆ!

ಇನ್ನು ಕಲಾಥಿಯಾ. ಒಂದು ಬಿಳಿ ಕಾಗದ ಎಲೆಯ ಕೆಳಗೆ ಹಿಡಿದು ಎಲೆಯನ್ನು ಬೆರಳಿನಿಂದ ತಟ್ಟಿ. ಕಾಗದದ ಮೇಲೆ ಬಿದ್ದ ಧೂಳಿನ ಕಣಗಳು ನಿಧಾನವಾಗಿ ನಡೆಯಲು ಶುರು ಮಾಡಿದರೆ ಜೇಡ ನುಸಿಯೇ. ಬಲೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ, ಅದಕ್ಕೆ ಕಾಯಬೇಡಿ. ಎಲೆಯ ಮೇಲೆ ಬೆಳ್ಳಿಯಂಥ ಗೀರು, ಜೊತೆಗೆ ಎಣ್ಣೆಯ ಹನಿಯಂತೆ ಹೊಳೆಯುವ ಕಪ್ಪು ಚುಕ್ಕೆಗಳಿದ್ದರೆ ಮಾತ್ರ ಅದು ಥ್ರಿಪ್ಸ್, ರಸ ಹೀರುವ ಇನ್ನೊಂದು ಪುಟ್ಟ ಕೀಟ. ಥ್ರಿಪ್ಸ್ ಎಲೆಯೊಳಗೇ ಮೊಟ್ಟೆ ಇಡುತ್ತದೆ, ಅದರ ಹಲವು ಜಾತಿಗಳು ಕೋಶವಾಗುವುದು ಮಣ್ಣಿನಲ್ಲಿ. ಹಾಗಿದ್ದರೆ ಬೇರೆ ಫೋಟೋ ಹಾಕಿ, ಆಮೇಲೆ ಮಾತಾಡೋಣ.

ಜೇಡ ನುಸಿಗೆ ಬಿಸಿಯೂ ಒಣಹವೆಯೂ ಬಹಳ ಇಷ್ಟ. 27ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆಯಿಂದ ದೊಡ್ಡದಾಗಲು ಒಂದು ವಾರವಷ್ಟೇ ಸಾಕು. ನೀವು ಹದಿನೈದು ದಿನ ಬಿಟ್ಟು ಬರುವಷ್ಟರಲ್ಲಿ ಎರಡು ತಲೆಮಾರು ಆಗಿರುತ್ತದೆ. ಇದಕ್ಕೆ ಅತ್ಯಂತ ಒಳ್ಳೆಯ ಔಷಧಿ ನೀರು. ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಗಿಡವನ್ನು ಸ್ನಾನದ ಮನೆಯಲ್ಲಿ ವಾಲಿಸಿ, ಎಲೆಯ ಅಡಿಗೆ ಹ್ಯಾಂಡ್ ಶವರ್‌ನಿಂದ ಚೆನ್ನಾಗಿ ನೀರು ಹಾಯಿಸಿ. ಒಣಗಿದ ಮೇಲೆ ಸೋಪಿನ ನೀರು. ನಾಲ್ಕೈದು ದಿನಕ್ಕೊಮ್ಮೆ ಹೀಗೆ ನಾಲ್ಕು ಸಲ. ಪೂರ್ತಿ ಬಿಳಿಚಿಕೊಂಡ ಎಲೆ ಮತ್ತೆ ಹಸಿರಾಗುವುದಿಲ್ಲ, ಕತ್ತರಿಸಿ. ಹೊಸ ಎಲೆ ಸ್ವಚ್ಛವಾಗಿ ಬರುತ್ತಿದೆಯಾ ಅಂತ ಮಾತ್ರ ನೋಡಿ. ದಿನಾ ಎಲೆಗೆ ನೀರು ಚಿಮುಕಿಸಿದರೆ ಸಾಕಾಗುತ್ತೆ ಅಂತ ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಬರೆದಿದ್ದಾರೆ. ಆ ತೇವ ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ, ಅದರಿಂದ ನುಸಿ ಹೋಗುವುದಿಲ್ಲ.

ಇಮಿಡಾಕ್ಲೋಪ್ರಿಡ್ ಹಾಕಿ ಅಂತಲೂ ಒಬ್ಬರು ಹೇಳಿದ್ದಾರಲ್ಲ, ಅದಕ್ಕೆ ನನ್ನ ಉತ್ತರ ಇಲ್ಲೇ. ಅದು ಗಿಡದ ರಸದೊಳಗೆ ಸೇರುವ ವಿಷ. ಹಿಟ್ಟು ತಿಗಣೆ, ಸಸ್ಯಹೇನುಗಳ ಮೇಲೆ ಕೆಲಸ ಮಾಡುತ್ತದೆ ನಿಜ. ಜೇಡ ನುಸಿಯ ಮೇಲೆ ಮಾಡುವುದಿಲ್ಲ. ಅದನ್ನು ಹಾಕಿದ ಗಿಡಗಳಲ್ಲಿ ನುಸಿ ಇನ್ನೂ ಹೆಚ್ಚಾದದ್ದೂ ದಾಖಲಾಗಿದೆ. ನಿಮಗೆ ಎರಡೂ ಇವೆ. ಜೇನುನೊಣಕ್ಕಂತೂ ಅದು ತುಂಬಾ ಅಪಾಯ, ಹೂ ಬಿಡುವ ಗಿಡವನ್ನು ಹೊರಗಿಡುವವರಿಗೆ ಬೇಡವೇ ಬೇಡ. ಮಕ್ಕಳು, ಬೆಕ್ಕು ಓಡಾಡುವ ಮನೆಯೊಳಗೆ ಹೊಲಕ್ಕೆ ಹಾಕುವ ಔಷಧಿ ತರುವುದು ನನಗೆ ಸರಿಕಾಣುವುದಿಲ್ಲ. ಹಾಕಲೇಬೇಕು ಅಂತಿದ್ದರೆ ಮನೆಯೊಳಗೆ ಬಳಸಬಹುದು ಅಂತ ಲೇಬಲ್‌ನಲ್ಲೇ ಬರೆದಿರುವುದನ್ನು, ಅಲ್ಲಿ ಹೇಳಿದ ಅಳತೆಯಲ್ಲಿ ಮಾತ್ರ.

ಬೇವಿನೆಣ್ಣೆ ಬೆರೆಸುವ ಬಗ್ಗೆ. ಎಣ್ಣೆಯನ್ನು ನೇರ ನೀರಿಗೆ ಹಾಕಿ ಕಲಕಿದರೆ ಅದು ಮೇಲೆ ತೇಲುತ್ತದೆ. ಮೊದಲು ಖಾಲಿ ನೀರು, ಕೊನೆಗೆ ಬರೀ ಎಣ್ಣೆ ಎಲೆಗೆ ಬೀಳುತ್ತದೆ, ಎಲೆ ಸುಡುತ್ತದೆ. ನಿಮ್ಮ ಪೀಸ್ ಲಿಲ್ಲಿಯ ಎಲೆಯಲ್ಲಿರುವ ಕಂದು ಮಚ್ಚೆ ಹಾಗೇ ಆಗಿರಬೇಕು. 5 ಮಿಲಿ ಎಣ್ಣೆಗೆ 2 ಮಿಲಿಯಷ್ಟು ದ್ರವ ಸೋಪು ಹಾಕಿ ಮೊದಲು ಅವೆರಡನ್ನೇ ಚೆನ್ನಾಗಿ ಕಲಸಿ. ಆಮೇಲೆ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ 1 ಲೀಟರ್ ಮಾಡಿ. ಹಾಲಿನ ಬಣ್ಣ ಬರಬೇಕು. ಹೊಡೆಯುವಾಗಲೂ ನಡುನಡುವೆ ಅಲುಗಾಡಿಸಿ. ಉಳಿದದ್ದನ್ನು ಮುಂದಿನ ವಾರಕ್ಕೆ ಇಡಬೇಡಿ, ನೀರಿನಲ್ಲಿ ಬೆರೆಸಿದ ಮೇಲೆ ಅದರ ಸತ್ವ ಬೇಗ ಹಾಳಾಗುತ್ತದೆ.

ಸೋಪಿನ ನೀರಿಗೆ ಕೀಟಕ್ಕೆಂದೇ ಮಾಡಿದ ಸೋಪು ಸಿಕ್ಕರೆ ಅದನ್ನೇ ಬಳಸಿ, ಅಳತೆ ಬಾಟಲಿಯ ಮೇಲೆ ಇರುತ್ತದೆ. ಪಾತ್ರೆ ತೊಳೆಯುವ ದ್ರವವನ್ನು ಜಾಸ್ತಿ ಹಾಕಿದರೆ ಎಲೆಯ ಮೇಣವನ್ನೂ ತೊಳೆದುಬಿಡುತ್ತದೆ. ಗಡಸು ನೀರಿನಲ್ಲಿ ಸೋಪು ಮೊಸರಿನಂತೆ ಒಡೆದು ಕೆಲಸಕ್ಕೆ ಬಾರದಂತಾಗುತ್ತದೆ, ಫಿಲ್ಟರ್ ನೀರೋ ಮಳೆ ನೀರೋ ಒಳ್ಳೆಯದು. ಸೋಪು ಒದ್ದೆಯಾಗಿರುವಷ್ಟು ಹೊತ್ತು, ಹುಳದ ಮೈಗೆ ತಾಗಿದರೆ ಮಾತ್ರ ಕೊಲ್ಲುತ್ತದೆ. ಒಣಗಿದ ಮೇಲೆ ಏನೂ ಇಲ್ಲ. ಹಾಗಾಗಿ ಸಂಜೆ ಹೊಡೆಯಿರಿ, ಬಿಸಿಲಿಗೆ ಬೇಡ. ಫರ್ನ್‌ಗಳಿಗೆ, ಬೂದಿ ಹಚ್ಚಿದಂತಿರುವ ರಸಭರಿತ ಗಿಡಗಳಿಗೆ ಸೋಪಿನ ನೀರು, ಬೇವಿನೆಣ್ಣೆ ಎರಡೂ ಆಗಿಬರುವುದಿಲ್ಲ. ಯಾವ ಗಿಡವಾದರೂ ಒಂದು ಎಲೆಗೆ ಹಚ್ಚಿ ಎರಡು ದಿನ ನೋಡಿ.

ಕರಿ ನೊಣಕ್ಕೆ ಕಾರಣ ನಿಮ್ಮ ನೀರಿನ ಕ್ಯಾನ್. ಬೇಸರ ಮಾಡಿಕೊಳ್ಳಬೇಡಿ. ತೊಂಬತ್ತು ಕುಂಡ ಇರುವವರು ಬಹುಪಾಲು ಎಲ್ಲಕ್ಕೂ ಒಂದೇ ದಿನ, ಒಂದೇ ಅಳತೆ ನೀರು ಹಾಕುತ್ತಾರೆ. ಹಾಗೆ ಹಾಕಿದರೆ ಸ್ನೇಕ್ ಪ್ಲಾಂಟ್, ಝೀಝೀ ಪ್ಲಾಂಟ್‌ನಂಥ ಕಡಿಮೆ ನೀರಿನ ಗಿಡಗಳ ಬೇರು ಕೊಳೆಯುತ್ತದೆ, ಫರ್ನ್ ಒಣಗುತ್ತದೆ. ಜಾಗ ಬದಲಾಯಿಸಿ: ಒಣಗಲು ಬಿಡಬೇಕಾದವು ಒಂದು ಕಡೆ, ಮೇಲಿನ ಮಣ್ಣು ಒಣಗಿದರೆ ನೀರು ಕೇಳುವವು ಇನ್ನೊಂದು ಕಡೆ, ಸದಾ ತೇವ ಬೇಕಾದವು ಮತ್ತೊಂದು ಕಡೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ಸಣ್ಣ ಕುಂಡವಾದರೆ ಎತ್ತಿ ಭಾರ ನೋಡಿ. ಸ್ವಲ್ಪ ದಿನಕ್ಕೆ ಕೈಗೇ ಗೊತ್ತಾಗುತ್ತದೆ.

ನ್ಯಾಟ್ ಮರಿಗಳು ಮಣ್ಣಿನ ಮೇಲಿನ ಎರಡು ಮೂರು ಇಂಚಿನಲ್ಲಿ ಬೂಸ್ಟು, ಕೊಳೆತ ವಸ್ತು, ಕೆಲವು ಸಲ ಎಳೆ ಬೇರು ತಿಂದು ಬೆಳೆಯುತ್ತವೆ. ಆ ಪದರ ನೀರಿನ ನಡುವೆ ಪೂರ್ತಿ ಒಣಗಿದರೆ ಅವು ಉಳಿಯುವುದು ಕಷ್ಟ. ಯಾವ ಕುಂಡದಲ್ಲಿವೆ ಅಂತ ತಿಳಿಯಲು ಆಲೂಗಡ್ಡೆಯ ಬಿಲ್ಲೆಯನ್ನು ಮಣ್ಣಿನ ಮೇಲೆ ಒತ್ತಿಟ್ಟು ಎರಡು ಮೂರು ದಿನ ಬಿಟ್ಟು ತಿರುಗಿಸಿ. ಕಪ್ಪು ತಲೆಯ ಬಿಳಿ ಮರಿ ಅಂಟಿಕೊಂಡಿರುತ್ತವೆ. ಹಳದಿ ಅಂಟು ಹಾಳೆಗೆ ನೊಣ ಸಿಗುತ್ತವೆ, ಆದರೆ ಅಷ್ಟರಿಂದ ಮುಗಿಯುವುದಿಲ್ಲ. ಸದಾ ತೇವ ಬೇಕಾದ ಗಿಡಗಳಿಗೆ ಬಿಟಿಐ ಅನ್ನುವ ಬ್ಯಾಕ್ಟೀರಿಯಾ ಪುಡಿ ಸಿಕ್ಕರೆ ನೀರಿನಲ್ಲಿ ಬೆರೆಸಿ ಮಣ್ಣಿಗೆ ಹಾಕಿ. ಸೊಳ್ಳೆ ಮರಿಗೆ ಹಾಕುವುದೂ ಇದನ್ನೇ. ವಾರಕ್ಕೊಮ್ಮೆ, ಮೂರು ನಾಲ್ಕು ವಾರ. ಯಾಕಂದ್ರೆ ನ್ಯಾಟ್‌ನ ಮೊಟ್ಟೆಯಿಂದ ನೊಣದವರೆಗಿನ ಒಂದು ಸುತ್ತು ಸುಮಾರು ಅಷ್ಟೇ ದಿನದ್ದು. ದಾಲ್ಚಿನ್ನಿ ಪುಡಿ ಉದುರಿಸಿ ಅನ್ನುವ ಸಲಹೆಯನ್ನು ನಾನು ನಂಬುವುದಿಲ್ಲ.

ಗೊಬ್ಬರ ಈ ಎರಡು ತಿಂಗಳು ಬೇಡ. ಸಾರಜನಕ ಜಾಸ್ತಿಯಾದ ಮೆತ್ತನೆಯ ಚಿಗುರು ಹಿಟ್ಟು ತಿಗಣೆಗೂ ಸಸ್ಯಹೇನಿಗೂ ಹಬ್ಬದೂಟ.

ಹೊಸ ಗಿಡ ತರುವುದನ್ನೂ ಸ್ವಲ್ಪ ನಿಲ್ಲಿಸಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ಗೊತ್ತು! ತಂದರೆ ನಾಲ್ಕು ವಾರ ಬೇರೆ ಇಡಿ. ಬಂದ ದಿನವೇ ಕುಂಡದಿಂದ ತೆಗೆದು ಬೇರು ನೋಡಿ. ಸ್ನೇಹಿತರು ಪ್ರೀತಿಯಿಂದ ಕೊಟ್ಟ ಕಟಿಂಗ್‌ಗೂ ಇದೇ ನಿಯಮ. ವಾರಕ್ಕೊಂದು ದಿನ ಮೂರನೇ ಒಂದು ಪಾಲಿನ ಗಿಡಗಳ ಎಲೆಯಡಿ ನೋಡಿದರೆ ಮೂರು ವಾರದಲ್ಲಿ ಎಲ್ಲವನ್ನೂ ನೋಡಿದಂತಾಗುತ್ತದೆ. ಧೂಳು ಒರೆಸುವ ಕೆಲಸವನ್ನೂ ಆಗಲೇ ಮುಗಿಸಿ.

ಕೊನೆಗೆ ನೀವು ಕೇಳಿದ್ದು, ಎಸೆಯಬೇಕಾ? ಐದು ಸುತ್ತಿನ ನಂತರವೂ ಗೆಣ್ಣಿಗೊಂದು ಉಂಡೆ ಕಾಣುವ, ಎಲ್ಲಿ ಬೇಕಾದರೂ ಸಿಗುವ ಮನಿ ಪ್ಲಾಂಟ್ ಆದರೆ ಎಸೆಯಿರಿ. ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಹೋಯಾವನ್ನು ಅಷ್ಟು ಸುಲಭವಾಗಿ ಬಿಡಲು ಮನಸ್ಸಾಗುವುದಿಲ್ಲ, ಅದರ ಸ್ವಚ್ಛವಾದ ತುದಿಯಿಂದ ಎರಡು ಗೆಣ್ಣಿನ ಕಟಿಂಗ್ ತೆಗೆದು, ಆಲ್ಕೋಹಾಲ್‌ನಲ್ಲಿ ಒರೆಸಿ ತೊಳೆದು, ಬೇರೆ ಕೋಣೆಯಲ್ಲಿ ಬೇರು ಬರಿಸಿ. ಕಲಾಥಿಯಾವನ್ನು ಎಸೆಯಬೇಡಿ. ಗಡ್ಡೆ ಗಟ್ಟಿಯಾಗಿದ್ದರೆ ಎಲೆಯೆಲ್ಲ ಬುಡಕ್ಕೆ ಕತ್ತರಿಸಿದರೂ ಮತ್ತೆ ಚಿಗುರುತ್ತದೆ. ಎಲೆ ಇಲ್ಲದ ಆ ದಿನಗಳಲ್ಲಿ ಅದಕ್ಕೆ ನೀರು ತೀರಾ ಕಡಿಮೆ ಸಾಕು. ಖಾಲಿಯಾದ ಕುಂಡಗಳನ್ನು ಬಿಸಿನೀರು, ಸೋಪಿನಲ್ಲಿ ಉಜ್ಜಿ ಬಿಸಿಲಿಗೆ ಒಣಗಿಸಿ. ಅಂಚಿನ ಒಳಮಡಿಕೆಯನ್ನು ಹಳೆ ಬ್ರಶ್‌ನಿಂದ ತಿಕ್ಕಲು ಮರೆಯಬೇಡಿ, ಮೊಟ್ಟೆ ಚೀಲ ಅಲ್ಲೂ ಅಡಗಿರುತ್ತದೆ.