ಮಗನ ಆಪರೇಷನ್ ವೇಳೆ ನಾನು ಒಳಗಿರಬಹುದೇ?

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ತೊಡೆಸಂದಿನ ಹರ್ನಿಯಾ ಆಪರೇಷನ್‌ಗೆ ಕಾರವಾರಕ್ಕೆ ಹೋಗಬೇಕು. ಒಂದು ಗಳಿಗೆ ಕಾಣದಿದ್ದರೂ ‘ಆಯಿ ಎಲ್ಲಿ’ ಎಂದು ಅಳುತ್ತಾನೆ. ಮುಗಿಯುವವರೆಗೂ ನಾನು ಒಳಗಿರಬಹುದೇ? ಅತ್ತೆಯೂ ಬರುತ್ತೇನೆ ಎನ್ನುತ್ತಿದ್ದಾರೆ.
– ಒಬ್ಬ ತಾಯಿ, ಅಂಕೋಲಾ

ಉತ್ತರ: ಆಪರೇಷನ್ ನಡೆಯುವಾಗ ಒಳಗಿರಲು ಸಾಮಾನ್ಯವಾಗಿ ಬಿಡುವುದಿಲ್ಲ. ಬಿಡದಿರುವುದೇ ಒಳ್ಳೆಯದು. ಸೋಂಕಿನ ಭಯ ಒಂದು ಕಡೆ. ನೀವು ತಲೆಸುತ್ತಿ ಬಿದ್ದರೆ ಮಗುವನ್ನು ನೋಡಬೇಕಾದವರು ನಿಮ್ಮನ್ನು ನೋಡಬೇಕಾಗುತ್ತದೆ. ಅಷ್ಟಕ್ಕೂ ನೀವಿರುವುದು ಆಗ ಅವನಿಗೆ ಗೊತ್ತೇ ಆಗುವುದಿಲ್ಲ. ನೀವು ಬೇಕಾಗುವುದು ಅವನಿಗೆ ನಿದ್ದೆ ಬರುವವರೆಗೆ, ಮತ್ತೆ ಎಚ್ಚರಾಗುವಾಗ.

ನಿದ್ದೆ ಬರುವವರೆಗೆ ಒಬ್ಬರನ್ನು ಕೆಲವು ಆಸ್ಪತ್ರೆಗಳು ಬಿಡುತ್ತವೆ. ಹಿಂದಿನ ದಿನವೇ ಅರಿವಳಿಕೆ ವೈದ್ಯರನ್ನು ಕೇಳಿ. ಮುಖಕ್ಕೆ ಮಾಸ್ಕ್ ಹಿಡಿದು ಗ್ಯಾಸ್ ಕೊಟ್ಟರೆ, ಸ್ವಲ್ಪ ಹೊತ್ತಿನಲ್ಲೇ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತದೆ. ಕೈಕಾಲು ಬಡಿಯಬಹುದು, ಗೊರಕೆ ಬರಬಹುದು. ಆಮೇಲೆ ಮೈ ಒದ್ದೆ ಬಟ್ಟೆಯ ಹಾಗೆ ಸಡಿಲವಾಗುತ್ತದೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಆದರೆ ಇದೆಲ್ಲ ಸಹಜ. ವೈದ್ಯರು ‘ಸಾಕಮ್ಮ’ ಎಂದ ಕೂಡಲೇ ಹೊರಗೆ ಬನ್ನಿ.

ಜೊತೆಗೆ ಹೋಗುವವರು ಅಳು ತಡೆದುಕೊಳ್ಳುವವರಾಗಿರಲಿ. ದೊಡ್ಡವರ ಗಾಬರಿ ಮಕ್ಕಳಿಗೆ ಬೇಗ ತಿಳಿಯುತ್ತದೆ. ಅಪ್ಪನಿಗೆ ಧೈರ್ಯ ಜಾಸ್ತಿ ಇದ್ದರೆ ಅವರೇ ಹೋಗಲಿ, ಅದರಿಂದ ನಿಮ್ಮ ಪ್ರೀತಿ ಕಡಿಮೆ ಆಗಲ್ಲ ಅಲ್ವಾ? ಯಾರನ್ನೂ ಬಿಡದಿದ್ದರೂ ಬೇಸರ ಬೇಡ. ಮೊದಲೇ ಮಿಡಾಜೋಲಮ್ ಸಿರಪ್ ಕುಡಿಸುವ ಪದ್ಧತಿಯಿದೆ. ಮಗು ಮಂಪರಿನಲ್ಲೇ ನರ್ಸ್ ಕೈಗೆ ಹೋಗುತ್ತದೆ. ಹೆದರಿಕೆ ತಗ್ಗಿಸುವುದರಲ್ಲಿ ತಂದೆತಾಯಿ ಪಕ್ಕದಲ್ಲಿರುವುದಕ್ಕಿಂತ ಈ ಔಷಧವೇ ಮೇಲು ಎಂದು ಅಧ್ಯಯನಗಳಲ್ಲಿ ಕಂಡಿದೆ. ‘ಪೇಟೆಗೆ ಹೋಗಿ ಐಸ್‌ಕ್ರೀಂ ತಿನ್ನೋಣ’ ಎಂದು ಸುಳ್ಳು ಹೇಳಿ ಮಾತ್ರ ಕರೆದೊಯ್ಯಬೇಡಿ.

ಅತ್ತೆ ಬರಲಿ, ಹೊರಗೆ ಕೂತಿರಲಿ. ಆದರೆ ‘ಪಾಪ, ಹಸಿದಿದೆ’ ಅಂತ ಬಿಸ್ಕತ್ತನ್ನೋ ಗಂಜಿ ತಿಳಿಯನ್ನೋ ಕೊಡಬಾರದೆಂದು ಹೇಳಿಡಿ. ಸಾಮಾನ್ಯವಾಗಿ ತಿಂಡಿ, ಹಾಲು 6 ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರು 2 ಗಂಟೆ ಮೊದಲು. ನಿಮ್ಮ ವೈದ್ಯರು ಹೇಳಿದ ಹೊತ್ತನ್ನೇ ಪಾಲಿಸಿ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಯಾರಾದರೂ ಏನಾದರೂ ತಿನ್ನಿಸಿದ್ದರೆ ಮುಚ್ಚಿಡದೆ ಹೇಳಿ. ಆಪರೇಷನ್ ಮುಂದೆ ಹೋದರೂ ಪರವಾಗಿಲ್ಲ.

ಎಚ್ಚರಾಗುವಾಗ ಕೆಲವು ಮಕ್ಕಳು ಕಿರುಚುತ್ತವೆ, ತಾಯಿಯನ್ನೇ ಗುರುತಿಸದೆ ದೂಡುತ್ತವೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಗ ನಿಮ್ಮನ್ನು ಕರೆಯಬೇಕೆಂದು ಮೊದಲೇ ಕೇಳಿಕೊಳ್ಳಿ. ಸಲೈನ್ ಸೂಜಿ ಇರುವ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳಿ, ಕಿತ್ತುಕೊಂಡುಬಿಡುತ್ತಾನೆ.